ಮಾಗಳಿ ಬಳ್ಳಿಯನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಊರ್ಡಿಗೆರೆ, ತುಮಕೂರು ತಾಲ್ಲೂಕು)

ದೇವರಾಯನದುರ್ಗದ ತಪ್ಪಲಿನಲ್ಲಿರುವ ನಮ್ಮ ಹೊಲದ ಮೇಲ್ಭಾಗದಲ್ಲಿ, ಬಂಡೆಗಳ ಸಂದಿಯಿಂದ ಮಾಗಳಿ ಬಳ್ಳಿ ಎದ್ದು ಪಕ್ಕದ ಪೊದೆಗಳಿಗೆ ಹಬ್ಬಿದೆ. ಉಪ್ಪಿನಕಾಯಿಗೆ ಬೇರು ಹುಡುಕಿಕೊಂಡು ಬರುವವರು ಬುಡಸಮೇತ ಅಗೆದು ಒಯ್ಯುವುದರಿಂದ, ಹಿಂದೆ ಗುಡ್ಡದಲ್ಲಿ ಧಾರಾಳವಾಗಿದ್ದ ಬಳ್ಳಿ ಈಗ ನಮ್ಮ ಬದುವಿನ ಆಸುಪಾಸಿನಲ್ಲಷ್ಟೇ ಉಳಿದಿದೆ. ಇದು ನಿಜವಾಗಿಯೂ ಅಳಿವಿನಂಚಿನ ಸಸ್ಯವೇ? ಬೇರು ತೆಗೆದರೂ ಬಳ್ಳಿ ಬದುಕುವ ದಾರಿ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಸಸ್ಯಶಾಸ್ತ್ರ ಉಪನ್ಯಾಸಕಿ, ತುಮಕೂರು)

ಹೌದು ಸರ್. ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂಬ ಈ ಸಸ್ಯ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಪ್ರಭೇದವೆಂದು ದಾಖಲಾಗಿದೆ. ದಕ್ಷಿಣ ಭಾರತದ ಒಣ ಕಾಡು, ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಸಹಜವಾಗಿ ಬೆಳೆಯುವುದಿಲ್ಲ. ಜನ ಬಯಸುವ ಆ ಘಾಟು ಪರಿಮಳ ಬೇರಿನಲ್ಲಿರುವುದರಿಂದಲೇ ಇದಕ್ಕೆ ಕುತ್ತು ಬಂದಿದೆ. ಎಲೆಯನ್ನೋ ಹಣ್ಣನ್ನೋ ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ, ಆದರೆ ಗೆಡ್ಡೆಯಂತೆ ದಪ್ಪಗಾದ ಬೇರುಗಳ ಗೊಂಚಲನ್ನು ಪೂರ್ತಿ ಅಗೆದರೆ ಆ ಬಳ್ಳಿಯ ಕಥೆ ಅಲ್ಲಿಗೆ ಮುಗಿಯಿತು. ಕಾಯಿ ಬಲಿಯುವ ಮೊದಲೇ ಅಗೆದರಂತೂ ಅದರ ಜಾಗದಲ್ಲಿ ಹುಟ್ಟಬೇಕಾದ ಸಸಿಯೂ ಇಲ್ಲವಾಗುತ್ತದೆ.

ನಿಮ್ಮಲ್ಲಿರುವುದು ಮಾಗಳಿಯೇ ಎಂದು ಖಚಿತಪಡಿಸಿಕೊಳ್ಳಿ. ಇದರ ಎಲೆಗಳು ಎದುರುಬದುರಾಗಿದ್ದು, ತುದಿಯ ಕಡೆ ಅಗಲವಾಗಿ ದುಂಡಗಿರುತ್ತವೆ, ಮುರಿದರೆ ಬಿಳಿಯ ಹಾಲು ಒಸರುತ್ತದೆ. ಹೂಗಳು ತೀರ ಚಿಕ್ಕವು. ಕಾಯಿಗಳು ಜೋಡಿಯಾಗಿರುತ್ತವೆ, ಒಣಗಿ ಬಿರಿದಾಗ ರೇಷ್ಮೆಯಂಥ ಬಿಳಿ ಎಳೆಗಳ ಕುಚ್ಚುಳ್ಳ ಬೀಜಗಳು ಗಾಳಿಯಲ್ಲಿ ಹಾರಿಹೋಗುತ್ತವೆ. ಇದೆಂದು ತಪ್ಪು ತಿಳಿಯಬಹುದಾದ ಸೊಗದೆ ಬೇರಿನ ಬಳ್ಳಿಯಲ್ಲಾದರೆ ಎಲೆ ಕಿರಿದಾಗಿದ್ದು, ಬೇರು ತೆಳ್ಳಗಿರುತ್ತದೆ.

ಉತ್ತರ (ರೈತ, ಮಧುಗಿರಿ)

ಅಣ್ಣ, ಮೇಡಂ ಹೇಳಿದ ಆ ಕಾಯಿ ಬಿರಿಯುವ ಮುಂಚೆಯೇ ಅದಕ್ಕೆ ತೆಳು ಬಟ್ಟೆಯ ಚೀಲ ಕಟ್ಟಿ, ಬೀಜ ಸಿಕ್ಕ ಕೂಡಲೇ ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಿ. ನೀರು ನಿಲ್ಲುವ ಕಡೆ ಬೇರು ಕೊಳೆಯುವುದರಿಂದ, ಸಸಿಗಳನ್ನು ಕಲ್ಲು ಬೆರೆತ ಇಳಿಜಾರಿನಲ್ಲಿ, ಹಬ್ಬಲು ಆಸರೆ ಇರುವ ಬೇಲಿಯ ಪಕ್ಕ ನೆಡುವುದು ಒಳ್ಳೆಯದು. ಬೇರು ಬೇಕೇ ಬೇಕಾದರೆ ವರ್ಷಗಟ್ಟಲೆ ಬಲಿತ ಬಳ್ಳಿಯಲ್ಲಿ ಒಂದು ಬದಿಯ ಮಣ್ಣು ಸರಿಸಿ, ಒಂದೆರಡು ಬೇರುಗಳನ್ನಷ್ಟೇ ಕತ್ತರಿಸಿ, ಬುಡ ಅಲ್ಲಾಡದಂತೆ ಮತ್ತೆ ಮಣ್ಣು ಮುಚ್ಚಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮ ಹೊಲಕ್ಕೆ ತಾಗಿರುವ ಕಾಡಿನಿಂದಲೂ ಬೀಜ ತರಬಹುದೇ?

ಉತ್ತರ (ಉಪನ್ಯಾಸಕಿ)

ಅದು ಮೀಸಲು ಅರಣ್ಯವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಂದ ಏನನ್ನೂ ತರುವಂತಿಲ್ಲ. ವಲಯ ಅರಣ್ಯಾಧಿಕಾರಿಗಳಿಗೆ ಬರವಣಿಗೆಯಲ್ಲಿ ಮನವಿ ಕೊಡಿ, ಬೇರು ಅಗೆಯುತ್ತಿರುವ ವಿಷಯವನ್ನೂ ಅದರಲ್ಲೇ ತಿಳಿಸಿ. ಈ ವರ್ಷಕ್ಕೆ ನಿಮ್ಮ ಬದುವಿನ ಬಳ್ಳಿಯ ಬೀಜವೇ ಸಾಕು. ಅದನ್ನು ಮಾತ್ರ ಯಾರೂ ಅಗೆಯದಂತೆ ನೋಡಿಕೊಳ್ಳಿ.