ಟಾಲ್‌ಸ್ಟಾಯ್ ಓದಲು ನೀವು ಎಲ್ಲಿಂದ ಶುರು ಮಾಡಿದಿರಿ?

ಕೇಳಿದವರು:
ರಷ್ಯದ ಲೇಖಕ ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯನ್ನು ಮೂರು ಸಲ ಕೈಗೆತ್ತಿಕೊಂಡೆ. ಮೂರು ಸಲವೂ ಐವತ್ತು ಪುಟ ದಾಟಲಿಲ್ಲ. 1805ರ ಪೀಟರ್ಸ್‌ಬರ್ಗಿನ ಆ ಮೊದಲ ಪಾರ್ಟಿಯಲ್ಲೇ ಯಾರು ಯಾರೆಂದು ತಿಳಿಯದೆ ಸುಸ್ತಾಗುತ್ತೇನೆ. ಇನ್ನೊಂದು ತೊಡಕೂ ಇದೆ. ಟಾಲ್‌ಸ್ಟಾಯ್ ಹೆಂಡತಿಯನ್ನು ನಡೆಸಿಕೊಂಡ ರೀತಿ ತಿಳಿದ ಮೇಲೆ ಮನಸ್ಸು ಹಿಂದೇಟು ಹಾಕುತ್ತಿದೆ. ಓದಿದವರು ನಿಮ್ಮ ಅನುಭವ ಹೇಳುತ್ತೀರಾ?

ಧಾರವಾಡದಿಂದ:
ಹೆಸರುಗಳಿಗೆ ಹೆದರಬೇಡಿ ಮೇಡಂ. ನಾನು ಒಂದು ಚೀಟಿ ಮಾಡಿ ಪುಸ್ತಕದೊಳಗೇ ಇಟ್ಟುಕೊಂಡಿದ್ದೆ. ರಷ್ಯದವರಿಗೆ ತಮ್ಮ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಅಂತ ಮೂರು ಇರುತ್ತವೆ. ಜೊತೆಗೆ ಮುದ್ದಿನ ಹೆಸರು ಬೇರೆ. ನತಾಲ್ಯಾ ಮನೆಯಲ್ಲಿ ನತಾಶಾ. ನಮ್ಮಲ್ಲೂ ಶಾಲೆಯ ದಾಖಲೆಯಲ್ಲಿ ಒಂದು, ಅಜ್ಜಿ ಕೂಗುವುದು ಇನ್ನೊಂದು, ಅಲ್ವಾ? 500ಕ್ಕೂ ಜಾಸ್ತಿ ಪಾತ್ರಗಳಿದ್ದರೂ ಪಿಯೇರ್, ಆಂದ್ರೇಯ್, ನತಾಶಾ ಈ ಮೂವರನ್ನು ಹಿಡಿದುಕೊಂಡರೆ ಸಾಕು. ಅಧ್ಯಾಯಗಳೂ ಚಿಕ್ಕವು, ಒಟ್ಟು 361. ದಿನಕ್ಕೊಂದರಂತೆ ಓದಿ ಒಂದು ವರ್ಷದಲ್ಲಿ ಮುಗಿಸಿದೆ. ಕನ್ನಡದಲ್ಲಿ ಓ. ಎಲ್. ನಾಗಭೂಷಣ ಸ್ವಾಮಿಯವರ ಅನುವಾದವಿದೆ.

ತುಮಕೂರಿನಿಂದ:
ನನ್ನ ಸಲಹೆ ಬೇರೆ. ದೊಡ್ಡ ಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. 1886ರಲ್ಲಿ ಬಂದ ‘ಇವಾನ್ ಇಲಿಚ್‌ನ ಸಾವು’ ಓದಿ. ಎರಡು ಸಂಜೆ ಸಾಕು.

ನಾನು ಅದನ್ನು ಓದಿದ್ದು ಆಸ್ಪತ್ರೆಯಲ್ಲಿ, ಅಪ್ಪನ ಮಂಚದ ಪಕ್ಕದ ಸ್ಟೂಲಿನ ಮೇಲೆ. ಇವಾನ್ ಇಲಿಚ್ ಒಬ್ಬ ನ್ಯಾಯಾಧೀಶ. ಹೊಸ ಮನೆಗೆ ಪರದೆ ಹಾಕಿಸುವಾಗ ಏಣಿಯಿಂದ ಜಾರಿ ಪಕ್ಕೆಗೆ ಪೆಟ್ಟಾಗುತ್ತದೆ. ಮೊದಲಿಗೆ ಅದು ಏನೂ ಅಲ್ಲ ಅನಿಸುತ್ತದೆ. ಆಮೇಲೆ ನೋವು ಏರುತ್ತಾ ಹೋಗುತ್ತದೆ. ಡಾಕ್ಟರು, ಹೆಂಡತಿ, ಸ್ನೇಹಿತರು ಎಲ್ಲರೂ ‘ಬರೀ ಕಾಯಿಲೆ, ವಾಸಿಯಾಗುತ್ತದೆ’ ಎಂಬಂತೆ ನಡೆದುಕೊಳ್ಳುತ್ತಾರೆ. ಆ ಸುಳ್ಳೇ ಅವನನ್ನು ನೋವಿಗಿಂತ ಹೆಚ್ಚು ಹಿಂಸಿಸುತ್ತದೆ. ಸುಳ್ಳು ಹೇಳದವನು ಒಬ್ಬನೇ, ಹಳ್ಳಿಯಿಂದ ಬಂದ ಆಳು ಗೆರಾಸಿಮ್. ಅವನು ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲೆ ಎತ್ತಿಟ್ಟುಕೊಂಡು ಕೂರುತ್ತಾನೆ, ಕೆಲವು ಸಲ ರಾತ್ರಿಯೆಲ್ಲಾ. ಹಾಗೆ ಕೂತರೆ ನೋವು ಕಡಿಮೆಯಾದಂತೆ ಇವಾನ್ ಇಲಿಚ್‌ಗೆ ಅನಿಸುತ್ತದೆ.

ಅಲ್ಲಿಗೆ ಬಂದಾಗ ಪುಸ್ತಕ ಮಡಚಿಟ್ಟೆ. ನಾವೂ ಅಪ್ಪನಿಗೆ ‘ಮುಂದಿನ ತಿಂಗಳು ಊರಿಗೆ ಹೋಗೋಣ’ ಎನ್ನುತ್ತಲೇ ಇದ್ದೆವು. ಅವರು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಆ ರಾತ್ರಿ ಅವರ ಪಾದ ನನ್ನ ತೊಡೆಯ ಮೇಲಿಟ್ಟುಕೊಂಡು, ‘ಅಪ್ಪಾ, ಡಾಕ್ಟರು ಹೆಚ್ಚು ದಿನ ಇಲ್ಲ ಅಂದಿದ್ದಾರೆ’ ಎಂದೆ. ‘ಗೊತ್ತಿತ್ತು ಕಣೋ’ ಅಂದರು. ಆಮೇಲೆ ಬೆಳಗಿನವರೆಗೂ ಮಾತಾಡಿದರು. ನಾನು ಹುಟ್ಟುವ ಮೊದಲಿನ ಎಷ್ಟೋ ಸಂಗತಿ ಹೇಳಿದರು. ಟಾಲ್‌ಸ್ಟಾಯ್ ನನಗೆ ಆ ರಾತ್ರಿಯನ್ನು ಕೊಟ್ಟರು.

ಹಾವೇರಿಯಿಂದ:
ಮನೆಯಲ್ಲಿ ಹಿರಿಯರಿದ್ದರೆ ‘ಮನುಷ್ಯನಿಗೆ ಎಷ್ಟು ಭೂಮಿ ಬೇಕು’ ಕಥೆಯನ್ನು ಓದಿ ಹೇಳಿ. ಬೆಳಗಿನಿಂದ ಸಂಜೆಯೊಳಗೆ ನಡೆದು ಸುತ್ತಿದಷ್ಟು ನೆಲ ಸಾವಿರ ರೂಬಲ್‌ಗೆ ಸಿಗುತ್ತದೆ, ಆದರೆ ಹೊತ್ತು ಮುಳುಗುವುದರೊಳಗೆ ಹೊರಟ ಜಾಗಕ್ಕೆ ವಾಪಸ್ ಬರಬೇಕು. ಕಥೆಯ ರೈತ ಪಖೋಮ್ ಆಸೆಯಿಂದ ದೂರ ಹೋಗಿ, ಓಡೋಡಿ ಬಂದು ಅಲ್ಲೇ ಬಿದ್ದು ಸಾಯುತ್ತಾನೆ. ನಮ್ಮ ಮನೆಯಲ್ಲಿ ಹೊಲದ ಪಾಲಿನ ಜಗಳ ನಡೆಯುತ್ತಿದ್ದ ಕಾಲ. ಅಜ್ಜಿ ಕಥೆ ಕೇಳಿ ಬಹಳ ಹೊತ್ತು ಸುಮ್ನೆ ಕೂತಳು. ‘ಹೊತ್ತು ಮುಳುಗೂದು ಅವಗ ಕಾಣಸ್ಲಿಲ್ಲೇನು?’ ಎಂದಷ್ಟೇ ಕೇಳಿದಳು.

ಮೈಸೂರಿನಿಂದ:
ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನನಗೂ ಅದೇ ಕಾಡಿತ್ತು. 1862ರಲ್ಲಿ ಮದುವೆಯಾದಾಗ ಟಾಲ್‌ಸ್ಟಾಯ್‌ಗೆ 34, ಹೆಂಡತಿ ಸೋಫಿಯಾಗೆ 18. ಮದುವೆಗೆ ಮುಂಚೆ ತಮ್ಮ ಹಳೆಯ ಸಂಬಂಧಗಳೆಲ್ಲ ಇದ್ದ ಡೈರಿಗಳನ್ನು ಆ ಹುಡುಗಿಯ ಕೈಗೆ ಕೊಟ್ಟರು. ಆಕೆ 13 ಮಕ್ಕಳನ್ನು ಹೆತ್ತರು. ‘ಯುದ್ಧ ಮತ್ತು ಶಾಂತಿ’ಯ ಕರಡುಗಳನ್ನು ಮತ್ತೆ ಮತ್ತೆ ಕೈಯಲ್ಲಿ ನಕಲು ಮಾಡಿದರು. 1910ರಲ್ಲಿ, 82ನೇ ವಯಸ್ಸಿನಲ್ಲಿ, ಟಾಲ್‌ಸ್ಟಾಯ್ ಬೆಳಗಾಗುವ ಮೊದಲೇ ಮನೆ ಬಿಟ್ಟರು. ಅಸ್ತಾಪೊವೊ ರೈಲು ನಿಲ್ದಾಣದಲ್ಲಿ, ಸ್ಟೇಷನ್ ಮಾಸ್ಟರ್ ಮನೆಯಲ್ಲಿ, ನವೆಂಬರ್ 20ರಂದು ತೀರಿಕೊಂಡರು. ಅವರಿಗೆ ಪ್ರಜ್ಞೆ ಇರುವವರೆಗೂ ಸೋಫಿಯಾರನ್ನು ಒಳಗೆ ಬಿಡಲಿಲ್ಲ. ಆಕೆ ಹೊರಗೆ ನಿಂತು ಕಿಟಕಿಯಿಂದ ಇಣುಕುವ ಚಿತ್ರವಿದೆ. ಅದನ್ನು ನೋಡಿದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಆದರೂ ಓದಿ. ‘ಅನ್ನಾ ಕರೆನಿನಾ’ದಲ್ಲಿ ಲೆವಿನ್ ಕೂಡ ಮದುವೆಗೆ ಮುಂಚೆ ಕಿಟಿಗೆ ತನ್ನ ಡೈರಿ ಕೊಡುತ್ತಾನೆ. ಅವಳು ಅಳುತ್ತಾಳೆ. ಅವಳ ಮುಖ ನೋಡಿದಾಗಲೇ ಅವನಿಗೆ ತಾನು ಮಾಡಿದ್ದೇನೆಂದು ತಿಳಿಯುತ್ತದೆ. ಮದುವೆಯಾಗಿ ಹದಿಮೂರು ಹದಿನಾಲ್ಕು ವರ್ಷದ ಮೇಲೆ ಟಾಲ್‌ಸ್ಟಾಯ್ ಬರೆದ ಪುಟಗಳಿವು. ಅವರನ್ನು ನಾನು ಕ್ಷಮಿಸಿಲ್ಲ, ನೀವೂ ಕ್ಷಮಿಸಬೇಕಾಗಿಲ್ಲ. ಕಾದಂಬರಿ ಮುಗಿದ ಮೇಲೆ ಸೋಫಿಯಾರ ಡೈರಿಗಳನ್ನೂ ಓದಿ. ಇಂಗ್ಲಿಷಿನಲ್ಲಿ ಸಿಗುತ್ತವೆ.