1995ರ ಅಕ್ಟೋಬರ್ ಮತ್ತು ನಮ್ಮ ಮನೆಯ ಆಟಗಾರರು

ಬಳಗದ ಎಲ್ಲರಿಗೂ ನಮಸ್ಕಾರ. ಸಿಯಾಟಲ್‌ಗೆ ಹೊಸದಾಗಿ ಬಂದಿರುವ ಸಹೋದರಿಯೊಬ್ಬರು ತಮ್ಮ ಆರು ವರ್ಷದ ಮಗನನ್ನು ಬೇಸ್‌ಬಾಲ್ ಆಡಲು ಕಳಿಸಬೇಕೋ, ಕ್ರಿಕೆಟ್ ತರಬೇತಿಗೆ ಸೇರಿಸಬೇಕೋ ಎಂದು ಕೇಳಿದ್ದಾರೆ. 1993ರಲ್ಲಿ ನಾವು ಮೈಸೂರಿನಿಂದ ಇಲ್ಲಿಗೆ ಬಂದಾಗ ನಮ್ಮ ಮಗನಿಗೆ ನಾಲ್ಕು ವರ್ಷ. ಇದೇ ಪ್ರಶ್ನೆ ಆಗ ನಮ್ಮನ್ನೂ ಕಾಡಿತ್ತು. ನಾವು ತೀರ್ಮಾನಿಸುವ ಮೊದಲೇ ಅದನ್ನು ಬಗೆಹರಿಸಿಬಿಟ್ಟವರು ಸಿಯಾಟಲ್‌ನ ಬೇಸ್‌ಬಾಲ್ ತಂಡವಾದ ಮ್ಯಾರಿನರ್ಸ್‌ನ ಆ ದಶಕದ ಆಟಗಾರರು. ಆದ್ದರಿಂದ ಅವರ ಬಗ್ಗೆಯೇ ನಾಲ್ಕು ಮಾತು ಬರೆಯುತ್ತೇನೆ.

ಆಟ ನನಗೆ ಮೊದಲು ಪರಿಚಯವಾದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಸಂಜೆ ಕೆಲಸ ಮುಗಿಸಿ ಸೇತುವೆ ದಾಟಿ ಬರುವಾಗ ಕಾರಿನ ರೇಡಿಯೋದಲ್ಲಿ ಡೇವ್ ನೀಹೌಸ್ ಅವರ ವೀಕ್ಷಕ ವಿವರಣೆ ಕೇಳಿಬರುತ್ತಿತ್ತು. 1977ರಲ್ಲಿ ತಂಡ ಹುಟ್ಟಿದ ದಿನದಿಂದಲೂ ಅವರದೇ ದನಿ. ರಣಜಿ ಪಂದ್ಯದ ದಿನಗಳಲ್ಲಿ ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು ಜಗಲಿಯಲ್ಲಿ ಕೂರುತ್ತಿದ್ದ ನಮ್ಮ ತಂದೆಯವರ ಚಿತ್ರ ಆ ದನಿಯೊಂದಿಗೆ ಪ್ರತಿ ಸಂಜೆಯೂ ನನ್ನ ಕಣ್ಣ ಮುಂದೆ ಬರುತ್ತಿತ್ತು. ನಿಯಮಗಳು ಇನ್ನೂ ಅರ್ಥವಾಗದಿದ್ದರೂ ಆ ಕಾರಣಕ್ಕಾಗಿಯೇ ಕೇಳತೊಡಗಿದೆ.

ಮಗನಿಗೆ ಎಲ್ಲರಿಗಿಂತ ಪ್ರಿಯರಾದವರು ಕೆನ್ ಗ್ರಿಫಿ ಜೂನಿಯರ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1989ರಲ್ಲಿ, ಅವರು ಈ ತಂಡಕ್ಕೆ ಬಂದರು. ಮರುವರ್ಷ ನಲವತ್ತು ವರ್ಷದ ಅವರ ತಂದೆಯೂ ಇದೇ ತಂಡವನ್ನು ಸೇರಿ, ಸೆಪ್ಟೆಂಬರ್ 14ರಂದು ಕ್ಯಾಲಿಫೋರ್ನಿಯಾ ಏಂಜಲ್ಸ್ ವಿರುದ್ಧ ತಂದೆ ಒಂದು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದ ಬೆನ್ನಲ್ಲೇ ಮಗನೂ ಒಂದನ್ನು ಹೊಡೆದರು. ನಾವು ಬರುವುದಕ್ಕೆ ಮೊದಲೇ ನಡೆದುಹೋದ ಈ ಪ್ರಸಂಗವನ್ನು ದೂರದರ್ಶನದ ಮರುಪ್ರಸಾರಗಳಲ್ಲಿ ನಾವು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಚಿಕ್ಕಂದಿನಲ್ಲಿ ತಂದೆಯ ದೊಡ್ಡ ಟೋಪಿ ಹಾಕಿಕೊಂಡರೆ ಅದು ಕಣ್ಣಿನ ಮೇಲೆ ಜಾರುತ್ತಿತ್ತು, ಹಾಗಾಗಿ ಹಿಂದುಮುಂದಾಗಿ ಹಾಕುವುದು ಅಭ್ಯಾಸವಾಯಿತು ಎಂದು ಗ್ರಿಫಿ ಹೇಳಿಕೊಂಡಿದ್ದಾರೆ. ನಮ್ಮ ಮಗನೂ ಹಾಗೆಯೇ ಹಾಕಿಕೊಂಡಾಗ ಮೊದಮೊದಲು ಅದನ್ನು ಅಶಿಸ್ತು ಎಂದುಕೊಂಡು ಗದರಿಸಿದ್ದೆ; ಕಾರಣ ತಿಳಿದ ಮೇಲೆ ಸುಮ್ಮನಾದೆ.

1995ನ್ನು ಮರೆಯಲಾರೆ. ಹಿಂದಿನ ವರ್ಷ ಆಟಗಾರರ ಮುಷ್ಕರದಿಂದ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ರದ್ದಾಗಿತ್ತು, ಜನರ ಮನಸ್ಸು ಆಟದಿಂದ ದೂರ ಸರಿದಿತ್ತು. ಮೇ ತಿಂಗಳಲ್ಲಿ ತಂಡದ ಆಗಿನ ಕ್ರೀಡಾಂಗಣ ಕಿಂಗ್‌ಡೋಮ್‌ನ ಗೋಡೆಗೆ ಅಪ್ಪಳಿಸಿ ಚೆಂಡು ಹಿಡಿದ ಗ್ರಿಫಿ ಮಣಿಕಟ್ಟು ಮುರಿದುಕೊಂಡರು. ಆಗಸ್ಟ್‌ನಲ್ಲಿ ಹದಿಮೂರು ಪಂದ್ಯಗಳಷ್ಟು ಹಿಂದೆ ಬಿದ್ದಿದ್ದ ತಂಡ ಋತುವಿನ ಕೊನೆಗೆ ಏಂಜಲ್ಸ್ ಜೊತೆ ಸಮನಾಗಿ, ನಿರ್ಣಾಯಕ ಪಂದ್ಯವನ್ನು ಗೆದ್ದು, ನ್ಯೂಯಾರ್ಕ್ ಯಾಂಕೀಸ್ ಎದುರು ನಿಂತಿತು. ಅಕ್ಟೋಬರ್ 8, ಭಾನುವಾರ, ಆ ಸರಣಿಯ ಐದನೆಯ ಹಾಗೂ ಕೊನೆಯ ಪಂದ್ಯ. ಒಂದೇ ದಿನದ ವಿಶ್ರಾಂತಿಯ ಬಳಿಕ ಆರು ಅಡಿ ಹತ್ತು ಅಂಗುಲದ ಎಡಗೈ ಪಿಚರ್ (ಚೆಂಡು ಎಸೆಯುವವರು) ರ್‍ಯಾಂಡಿ ಜಾನ್ಸನ್ ಮತ್ತೆ ಅಂಗಳಕ್ಕೆ ನಡೆದು ಬಂದಾಗ ನಮ್ಮ ಬಾಡಿಗೆ ಮನೆಯ ಗೋಡೆಯಾಚೆಯಿಂದಲೂ ಕೂಗು ಕೇಳಿಸಿತು. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಯಾಂಕೀಸ್ ಒಂದು ರನ್ ಮುಂದಾದರು. ಆಗ ಎಡ್ಗರ್ ಮಾರ್ಟಿನೆಜ್ ಎಡಬದಿಯ ಗೆರೆಯುದ್ದಕ್ಕೂ ಹೊಡೆದ ಡಬಲ್‌ಗೆ (ಎರಡನೆಯ ಬೇಸ್‌ವರೆಗೆ ಓಡಲು ಸಾಕಾಗುವ ಹೊಡೆತ) ಮೊದಲು ಜೋಯಿ ಕೋರಾ, ಅವರ ಹಿಂದೆಯೇ ಮೊದಲ ಬೇಸ್‌ನಿಂದ ಓಡಿಬಂದ ಗ್ರಿಫಿ ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದರು. 6–5.

ಭಾರತದಲ್ಲಿ ಆಗ ಸೋಮವಾರದ ಬೆಳಗು. ಐಎಸ್‌ಡಿ ದರಕ್ಕೆ ಹೆದರಿ ತಿಂಗಳಿಗೆ ಎರಡೇ ಸಲ ಊರಿಗೆ ಫೋನ್ ಮಾಡುತ್ತಿದ್ದ ಕಾಲವದು. ಆದರೂ ಮಗ ಹಟ ಹಿಡಿದನೆಂದು ಮೈಸೂರಿಗೆ ಕರೆ ಮಾಡಿದೆ. ಬೇಸ್‌ಬಾಲ್ ಎಂದರೇನೆಂದೇ ಅರಿಯದ ನಮ್ಮ ತಂದೆ ಎಲ್ಲವನ್ನೂ ಕೇಳಿಸಿಕೊಂಡು, “ಗೆದ್ದವರು ನಮ್ಮವರೇನೋ ಪುಟ್ಟಾ?” ಎಂದರು. “ಹೂಂ ತಾತ, ನಮ್ಮವರೇ” ಎಂದ ಆರು ವರ್ಷದ ಹುಡುಗ. ಕುಂಬ್ಳೆ, ಶ್ರೀನಾಥ್ ನನಗೆ ನಮ್ಮವರಾಗಿದ್ದಷ್ಟೇ ಸಹಜವಾಗಿ ಈ ಆಟಗಾರರು ಅವನಿಗೆ ನಮ್ಮವರಾಗಿದ್ದಾರೆ ಎಂಬುದು ಆ ಕ್ಷಣಕ್ಕೆ ತಿಳಿಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ನೋವೂ ಆಯಿತು.

ನನ್ನ ಹೆಂಡತಿಗೆ ಮೆಚ್ಚಾದವರು ಎಡ್ಗರ್. ನ್ಯೂಯಾರ್ಕ್‌ನಲ್ಲಿ ಹುಟ್ಟಿ, ಪೋರ್ಟರಿಕೋದ ದೊರಾದೊ ಎಂಬಲ್ಲಿ ಅಜ್ಜಿ ತಾತನ ಮನೆಯಲ್ಲಿ ಬೆಳೆದ ಅವರು, ತಂದೆ ತಾಯಿ ಮತ್ತೆ ನ್ಯೂಯಾರ್ಕ್‌ಗೆ ಹೊರಟಾಗ, ಹನ್ನೊಂದು ವರ್ಷದ ಬಾಲಕನಾಗಿದ್ದರೂ ಹಿರಿಯರಿಗೆ ಆಸರೆಯಾಗಿ ಅಲ್ಲೇ ಉಳಿದರು. ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರೂ, ಹಿರಿಯರನ್ನು ಬಿಟ್ಟು ಬಂದವರೂ ನಮ್ಮಲ್ಲಿ ಇರುವುದರಿಂದ ಈ ಸಂಗತಿ ನಮ್ಮ ಮನೆಗಳಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ವಿವರಿಸಬೇಕಾಗಿಲ್ಲ. 1987ರಿಂದ 2004ರವರೆಗೆ ಒಂದೇ ತಂಡಕ್ಕೆ ಆಡಿದ ಅವರಿಗೆ ಬೇಸ್‌ಬಾಲ್ ದಿಗ್ಗಜರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2019ರಲ್ಲಿ, ಮತದಾನಕ್ಕೆ ಅರ್ಹರಾಗಿದ್ದ ಹತ್ತನೆಯ ಹಾಗೂ ಕೊನೆಯ ವರ್ಷದಲ್ಲಿ.

ಆ ದಶಕವನ್ನು ಬರೀ ಹೊಗಳುವುದು ನನ್ನಿಂದಾಗದು. ಅದೇ ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು ಸೋತ ರಾತ್ರಿ ಬೆಂಚಿನ ಮೇಲೆ ಕೂತು ಅಳುತ್ತಿದ್ದ ಕೋರಾ ಅವರನ್ನು ತಬ್ಬಿ ಸಂತೈಸಿದ್ದು ಇಪ್ಪತ್ತು ವರ್ಷದ ಅಲೆಕ್ಸ್ ರಾಡ್ರಿಗಸ್. ಮುಂದೆ ಬೇರೆ ತಂಡದಲ್ಲಿದ್ದಾಗ ನಿಷಿದ್ಧ ಔಷಧ ಬಳಸಿದ್ದೆನೆಂದು 2009ರಲ್ಲಿ ಅವರೇ ಒಪ್ಪಿಕೊಂಡರು. 1998ರಲ್ಲಿ 70 ಹೋಮ್ ರನ್ ಹೊಡೆದು ದೇಶವನ್ನೇ ಕುಣಿಸಿದ ಮಾರ್ಕ್ ಮಗ್ವಾಯರ್ ಕೂಡ 2010ರಲ್ಲಿ ಒಪ್ಪಿಕೊಂಡರು. ಮಗನೊಂದಿಗೆ ಇದನ್ನೆಲ್ಲ ಬಿಚ್ಚಿ ಮಾತನಾಡಿದೆವು. ಆ ತಬ್ಬುಗೆ ನಿಜವಾಗಿತ್ತು, ಮೋಸವೂ ನಿಜವಾಗಿತ್ತು ಎಂದ ಅವನ ಮಾತನ್ನು ನಾನು ಇಂದಿಗೂ ಒಪ್ಪುತ್ತೇನೆ.

2000ದ ಫೆಬ್ರವರಿಯಲ್ಲಿ ಗ್ರಿಫಿ ತಾವು ಬೆಳೆದ ಸಿನ್ಸಿನಾಟಿಗೆ ಹೊರಟುಹೋದರು. ಮಾರ್ಚ್ 26ರ ಬೆಳಗ್ಗೆ ಕಿಂಗ್‌ಡೋಮ್ ಅನ್ನು ಸ್ಫೋಟಿಸಿ ಕೆಡವಿದರು. ಹತ್ತು ವರ್ಷದ ಮಗ ಅದನ್ನು ಟಿವಿಯಲ್ಲಿ ನೋಡಲು ಒಪ್ಪದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಊರಿನ ಹಳೆಯ ಮನೆ ಮಾರಿದ ಸುದ್ದಿ ಬಂದಾಗ ನಾನೂ ಹಾಗೆಯೇ ಮಾಡಿದ್ದೆ.

ಸಹೋದರಿ, ನಿಮ್ಮ ಮಗ ಎರಡೂ ಆಟ ಆಡಲಿ. ಆದರೆ ಇಲ್ಲಿನ ಆಟವನ್ನು ಅವನೊಬ್ಬನಿಗೇ ಬಿಡದೆ ನೀವಿಬ್ಬರೂ ಜೊತೆಗೆ ಕೂತು ಕಲಿಯಿರಿ, ಕನ್ನಡದಲ್ಲೇ ಅದರ ಬಗ್ಗೆ ಮಾತನಾಡಿ. ನಮ್ಮ ಮಗನ ಕನ್ನಡ ಉಳಿದದ್ದರಲ್ಲಿ ರಾತ್ರಿ ಊಟದ ಹೊತ್ತಿನ ಆ ವಾದಗಳ ಪಾಲು ದೊಡ್ಡದು. ಅವನು ಆ ವಯಸ್ಸಿನಲ್ಲಿ ಬಳಸುತ್ತಿದ್ದ ಚಿಕ್ಕ ಗ್ಲೋವ್ ನಮ್ಮ ಗ್ಯಾರೇಜಿನಲ್ಲಿ ಇನ್ನೂ ಇದೆ. ಚರ್ಮ ಗಟ್ಟಿಯಾಗಿದೆ, ಎಣ್ಣೆ ಸವರಿ ಮೆದುಮಾಡಿ ಇಡುತ್ತೇನೆ. ನಿಮ್ಮ ಮಗನ ಕೈಗೆ ಹೊಂದುವುದಾದರೆ ಯಾವ ಶನಿವಾರವಾದರೂ ಬಂದು ತೆಗೆದುಕೊಂಡು ಹೋಗಿ.