ಸರ್ಕ್ಯೂಟಿನ ‘ಗ್ರೌಂಡ್’: ಭೂಸಂಪರ್ಕವೋ, ನೆಲೆಯೋ?

ಬಳಗದವರೆ,

ಅಕ್ಕನ ಮಗಳು ಡಿಪ್ಲೊಮಾ ಮೊದಲ ವರ್ಷದಲ್ಲಿದ್ದಾಳೆ. ಎಲ್‌ಟಿಸ್ಪೈಸ್‌ನಲ್ಲಿ (ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಿಮ್ಯುಲೇಟರ್) 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಜ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ಡಿಸಿ ಸಪ್ಲೈ ಬರೆದಿದ್ದಳು. ವೋಲ್ಟೇಜೇನೋ ಬಂತು. ಆದರೆ ಅದರ ಮೇಲಿನ ಅಲೆ 100 ಹರ್ಟ್ಸ್ ಇರಬೇಕಾದ್ದು 50 ಇತ್ತು, ಒಂದು ಡಯೋಡಿನಲ್ಲಿ ಮಾತ್ರ ಹುಚ್ಚಾಪಟ್ಟೆ ಕರೆಂಟು. ಮೇಜಿನ ಮೇಲಿನ ಡಯೋಡಾಗಿದ್ದರೆ ಹೊಗೆ ಎದ್ದಿರುತ್ತಿತ್ತು.

ನೋಡಿದರೆ, ಬ್ರಿಜ್‌ನ ಮೈನಸ್ಸಿಗೂ ಗ್ರೌಂಡ್, ಸೆಕೆಂಡರಿಯ (ಟ್ರಾನ್ಸ್‌ಫಾರ್ಮರಿನ ಹೊರಸುರುಳಿಯ) ಒಂದು ತುದಿಗೂ ಗ್ರೌಂಡ್! ಅಲ್ಲಿಗೆ ಒಂದು ಡಯೋಡಿನ ಎರಡೂ ಕಾಲು ಒಂದೇ ಕಡೆ ಕಟ್ಟಿದಂತಾಯಿತು. ಎದುರು ಅರ್ಧಚಕ್ರದಲ್ಲಿ ಇನ್ನೊಂದು ಡಯೋಡು ಸುರುಳಿಗೆ ಅಡ್ಡಲಾಗಿ ನೇರ ಶಾರ್ಟ್. ಯಾಕೆ ಹಾಗೆ ಕೊಟ್ಟೆ ಎಂದರೆ, “ಅರ್ತ್ ಎಷ್ಟು ಕೊಟ್ಟರೂ ಒಳ್ಳೇದೇ ಅಲ್ವಾ ಮಾವ?” ಅಂದಳು. ನೋಟ್ಸಿನಲ್ಲಿ ಆ ಚಿಹ್ನೆಯ ಪಕ್ಕ ‘ಭೂಸಂಪರ್ಕ’ ಎಂದು ಬರೆದುಕೊಂಡಿದ್ದಾಳೆ.

ತಪ್ಪು ಪದದ್ದೇ ಎಂದು ನನಗನ್ನಿಸುತ್ತದೆ. ಭೂಸಂಪರ್ಕ ಎಂದರೆ ಹಿತ್ತಲ ಗುಂಡಿ, ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ಅಜ್ಜ ಸುರಿಯುತ್ತಿದ್ದ ಒಂದು ಕೊಡ ನೀರು. ಅದು ಶಾಕ್ ತಪ್ಪಿಸುವ ಏರ್ಪಾಡು. ಸಿಮ್ಯುಲೇಟರಿನಲ್ಲಿ ಮಣ್ಣೆಲ್ಲಿಂದ ಬರಬೇಕು? ಅಲ್ಲಿ ಗ್ರೌಂಡ್ ಎಂದರೆ ಉಳಿದೆಲ್ಲ ವೋಲ್ಟೇಜನ್ನು ಎಲ್ಲಿಂದ ಅಳೆಯಬೇಕೋ ಆ ಜಾಗ, ಬೆಟ್ಟದ ಎತ್ತರಕ್ಕೆ ಸಮುದ್ರಮಟ್ಟ ಇದ್ದಂತೆ. ಸ್ಪೈಸ್ ಅದಕ್ಕೆ 0 ಎಂದೇ ಹೆಸರಿಡುತ್ತದೆ. ಚಿಹ್ನೆ ಹತ್ತು ಕಡೆ ಹಾಕಿದರೂ ಅದು ಒಂದೇ ಜಾಗ, ನಡುವೆ ತಂತಿ ಎಳೆದ ಹಾಗೆ. ಹಾಕದೇ ಬಿಟ್ಟರೆ ಲೆಕ್ಕವೇ ನಡೆಯುವುದಿಲ್ಲ.

ಮನೆ ವೈರಿಂಗಿಗೆ ‘ಭೂಸಂಪರ್ಕ’ ಇರಲಿ, ತಕರಾರಿಲ್ಲ. (ಬಾಯಲ್ಲಿ ಎಲ್ಲರೂ ‘ಅರ್ತು’ ಅಂತಲೇ ಅನ್ನುವುದು.) ಸರ್ಕ್ಯೂಟಿಗೆ ಬೇರೆ ಪದ ಬೇಕು. ‘ಸೊನ್ನೆಬಿಂದು’ ಸರಿಯಾಗಿದೆ, ಆದರೆ ನಾಲಿಗೆಗೆ ಉದ್ದ. ‘ತಟಸ್ಥ’ ಬೇಡವೇ ಬೇಡ, ಅದು ನ್ಯೂಟ್ರಲ್ಲಿನ ಪಾಲು. ನನ್ನ ಒಲವು ‘ನೆಲೆ’ ಕಡೆಗೆ: “ಮೈನಸ್ ತುದಿಯನ್ನು ನೆಲೆಗೆ ಸೇರಿಸು”, “ಇದಕ್ಕೆ ನೆಲೆಯೇ ಇಲ್ಲ, ತೇಲುತ್ತಿದೆ.” ಎರಡನೆಯದಂತೂ ಕನ್ನಡ ತಾನಾಗಿ ಆಡುವ ಮಾತು.

ಅಳುಕು ಒಂದೇ, ‘ನೆಲ’ ಪಕ್ಕದಲ್ಲೇ ಇದೆ. ‘ನೆಲಕ್ಕೆ’, ‘ನೆಲೆಗೆ’ ಕಿವಿಗೆ ಬೇರೆಯಾಗುತ್ತವೆ ಸರಿ, ಬರೀ ‘ನೆಲೆ’ ಎಂದಾಗ? ಪಾಠ ಮಾಡುವವರು ಯಾರಾದರೂ ಇದನ್ನು ಬಳಸಿ ನೋಡಿದ್ದೀರಾ?